ಡಿಎಸ್‌ಸಿ 101 ಎನ್ನುತ್ತದೆ, ಡಿಎಂಎ 113 ಎನ್ನುತ್ತದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಒಂದೇ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಿಂದ ಎರಡು ತುಂಡು ಕತ್ತರಿಸಿ ಟಿಜಿ, ಅಂದರೆ ಗಾಜು ಸ್ಥಿತ್ಯಂತರ ತಾಪಮಾನ, ಅಳೆದೆ. ಕಾಯಿಸುವಾಗ ಮಾದರಿ ಹೀರುವ ಶಾಖವನ್ನು ಅಳೆಯುವ ಡಿಎಸ್‌ಸಿಯಲ್ಲಿ 101 ಡಿಗ್ರಿ ಬಂತು, ಮಾದರಿಯನ್ನು ತುಯ್ದು ಬಿಗಿತ ಅಳೆಯುವ ಡಿಎಂಎಯಲ್ಲಿ 113. ಪುಸ್ತಕದಲ್ಲಿ 100 ಎಂದಿದೆ. ನಿಜವಾದ ಟಿಜಿ ಯಾವುದು?

ಮೂರೂ ನಿಜ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಾಗೆ ನಿಲ್ಲಿಸಿದಾಗಲೆಲ್ಲ ಇದೇ ಪ್ರಶ್ನೆ ಒಮ್ಮೆ ಪಿವಿಸಿಯ ಹೆಸರಿನಲ್ಲಿ, ಇನ್ನೊಮ್ಮೆ ಪಿಇಟಿಯ ಹೆಸರಿನಲ್ಲಿ ಮರಳಿ ಬಂದಿದೆ. ಆದ್ದರಿಂದ ಈ ಸಲ ಬೇರಿಗೇ ಕೈ ಹಾಕುತ್ತೇನೆ.

ಬೇರು ಯಾವುದೆಂದರೆ, ಗಾಜು ಸ್ಥಿತ್ಯಂತರ ತಾಪಮಾನವೆಂದರೆ ಪ್ಲಾಸ್ಟಿಕ್ ಕರಗುವ ತಾಪಮಾನ ಎಂಬ ನಂಬಿಕೆ. ಎಷ್ಟು ಸಲ ಅಲ್ಲವೆಂದರೂ, 'ಸರಿ, ಕರಗುವುದಲ್ಲ, ಕರಗಲು ಶುರುವಾಗುವ ತಾಪಮಾನ' ಎಂದು ವೇಷ ಬದಲಿಸಿಕೊಂಡು ಬರುತ್ತದೆ. ಅದೂ ಅಲ್ಲ.

ಕರಗಬೇಕಾದರೆ ಮೊದಲು ಹರಳು ಇರಬೇಕು. ಇಂಡಿಯಂ ಲೋಹ 156.6 ಡಿಗ್ರಿಯಲ್ಲಿ ಕರಗುತ್ತದೆ. ಡಿಎಸ್‌ಸಿ ಯಂತ್ರದ ಲೆಕ್ಕ ಸರಿಯಿದೆಯೇ ಎಂದು ನೋಡಲು ಅದನ್ನೇ ಬಳಸುತ್ತೇವೆ. ಅಣುಗಳ ಸಾಲು ಒಡೆಯಲು ಇಂತಿಷ್ಟೇ ಶಾಖ ಬೇಕು, ಅಲ್ಲಿ ಚೌಕಾಸಿ ಇಲ್ಲ. ಸಾಮಾನ್ಯ ಪಾಲಿಸ್ಟೈರೀನ್‌ನಲ್ಲಿ ಬೆಂಜೀನ್ ಉಂಗುರಗಳು ಉದ್ದನೆಯ ಅಣು-ಸರಪಳಿಯ ಎರಡೂ ಬದಿಗೆ ಅಡ್ಡಾದಿಡ್ಡಿಯಾಗಿ ಚಾಚಿಕೊಂಡಿರುವುದರಿಂದ ಅದು ಹರಳುಗಟ್ಟುವುದೇ ಇಲ್ಲ. ಹರಳೇ ಇಲ್ಲದ ಮೇಲೆ ಕರಗುವುದು ಏನು? ನೂರು ಡಿಗ್ರಿಯ ಆಸುಪಾಸಿನಲ್ಲಿ ಸರಪಳಿಯ ತುಣುಕುಗಳಿಗೆ ಹೊರಳಾಡುವಷ್ಟು ಚಲನೆ ಸಿಗುತ್ತದೆ. ಗಡಸು ವಸ್ತು ತೊಗಲಿನಂತಾಗಿ, ಆಮೇಲೆ ರಬ್ಬರಿನಂತಾಗುತ್ತದೆ. ಬಿಗಿತ ಸಾವಿರ ಪಟ್ಟಿನಷ್ಟು ಇಳಿಯುತ್ತದೆ. ದ್ರವವೇನೂ ಆಗಲಿಲ್ಲ.

ನಂಬಿಕೆ ಬರದಿದ್ದರೆ ನೀರಿನ ಬಾಟಲಿಯನ್ನು ಗಮನಿಸಿ. ಅದರ ಪ್ಲಾಸ್ಟಿಕ್ಕಾದ ಪಿಇಟಿಗೆ ಎರಡೂ ಉಂಟು: ಟಿಜಿ ಸುಮಾರು 75, ಕರಗುವ ಬಿಂದು ಸುಮಾರು 255. ಕುದಿಯುವ ನೀರು ಸುರಿದರೆ ಬಾಟಲಿ ಮುದುಡುತ್ತದೆ, ಎಲ್ಲರೂ 'ಕರಗಿತು' ಎನ್ನುತ್ತಾರೆ. ಕರಗಿದ್ದರೆ ತೊಟ್ಟಿಕ್ಕಬೇಕಿತ್ತು! ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಟಿಜಿಗಿಂತ ಮೇಲೆ ಬಿಸಿ ಮಾಡಿ, ಎಳೆದು, ಊದಿ, ಸರಪಳಿಗಳು ಹಿಗ್ಗಿದ ಸ್ಥಿತಿಯಲ್ಲಿರುವಾಗಲೇ ತಣಿಸಿರುತ್ತಾರೆ. ಬಿಸಿನೀರು ಆ ಬಂಧನವನ್ನು ಸಡಿಲಿಸಿದೊಡನೆ ಅವು ಹಳೆಯ ಆಕಾರದತ್ತ ಹಿಂದಿರುಗುತ್ತವೆ. ಕರಗುವ ಬಿಂದು ಇನ್ನೂ 150 ಡಿಗ್ರಿಗೂ ಹೆಚ್ಚು ದೂರದಲ್ಲಿದೆ.

ಇನ್ನು ಹಾಲಿನ ಪ್ಯಾಕೆಟ್. ಅದನ್ನು ಮಾಡುವ ಪಾಲಿಎಥಿಲೀನ್‌ನ ಟಿಜಿ ಸೊನ್ನೆಗಿಂತ ಎಷ್ಟೋ ಕೆಳಗಿದೆ. ಟಿಜಿ ದಾಟಿದ್ದೆಲ್ಲ ಕರಗುವುದಾದರೆ, ಬೆಳಿಗ್ಗೆ ಬಾಗಿಲ ಮುಂದೆ ಹಾಲಿನ ಜೊತೆ ಪ್ಯಾಕೆಟ್ಟೂ ಹರಿದುಹೋಗಬೇಕಿತ್ತು. ಪಾಠ ಮಾಡುವಾಗ ಇದನ್ನು ಹೇಳಿದ ಮೇಲೆ ಹಿಂದಿನ ಬೆಂಚಿನವರೂ ಬಾಯಿ ಮುಚ್ಚುತ್ತಾರೆ.

ಈಗ ನಿಮ್ಮ ಎರಡು ಸಂಖ್ಯೆಗಳಿಗೆ ಬರೋಣ. ಟಿಜಿಯ ಹತ್ತಿರ ಸರಪಳಿಯ ತುಣುಕುಗಳು ಚಲಿಸುತ್ತವೆಯೋ ಇಲ್ಲವೋ ಎಂಬುದು ನೀವು ಎಷ್ಟು ಅವಸರದಲ್ಲಿ ಕೇಳುತ್ತೀರಿ ಎಂಬುದರ ಮೇಲಿದೆ. ನಿಧಾನಿ ಗುಮಾಸ್ತನ ಬಳಿ ತಿಂಗಳಿಗೊಮ್ಮೆ ಹೋದರೆ ಕಡತ ಸರಿದಿರುತ್ತದೆ, ಗಂಟೆಗೊಮ್ಮೆ ಹೋದರೆ ಅಲ್ಲೇ ಇರುತ್ತದೆ. ನಿಮಿಷಕ್ಕೆ 10 ಡಿಗ್ರಿ ಏರಿಸುವ ಡಿಎಸ್‌ಸಿ ಕೇಳುವುದು ಸುಮಾರು ನೂರು ಸೆಕೆಂಡಿನ ಚಲನೆಯನ್ನು. 1 ಹರ್ಟ್ಜ್‌ನಲ್ಲಿ ತುಯ್ಯುವ ಡಿಎಂಎ ಸೆಕೆಂಡಿಗೊಮ್ಮೆ ಕೇಳುತ್ತದೆ. ಅದಕ್ಕೆ ತೃಪ್ತಿಯಾಗಬೇಕಾದರೆ ತಾಪಮಾನ ಇನ್ನಷ್ಟು ಏರಬೇಕು. ಸಾಲದೆಂಬಂತೆ ಹೆಚ್ಚಿನವರು ಟ್ಯಾನ್ ಡೆಲ್ಟಾದ (ನಷ್ಟ ಮಾಡ್ಯುಲಸ್ ಮತ್ತು ಸಂಗ್ರಹ ಮಾಡ್ಯುಲಸ್‌ಗಳ ಅನುಪಾತದ) ಶಿಖರವನ್ನು ಓದುತ್ತಾರೆ. ಡಿಎಂಎ ಕೊಡುವ ಮೂರು ಗುರುತುಗಳಲ್ಲಿ ಅದೇ ಎಲ್ಲಕ್ಕಿಂತ ಮೇಲಿನದು. ತುಯ್ತದಲ್ಲಿ ಶಾಖವಾಗಿ ಕಳೆದುಹೋಗುವ ಪಾಲನ್ನು ಹೇಳುವ ನಷ್ಟ ಮಾಡ್ಯುಲಸ್‌ನ ಶಿಖರ ಅದಕ್ಕಿಂತ ಕೆಳಗೆ, ಸ್ಪ್ರಿಂಗಿನಂತೆ ಮರಳಿ ಸಿಗುವ ಪಾಲನ್ನು ಹೇಳುವ ಸಂಗ್ರಹ ಮಾಡ್ಯುಲಸ್ ಕುಸಿಯತೊಡಗುವ ಬಿಂದು ಇನ್ನೂ ಕೆಳಗೆ. ನಿಮ್ಮ 12 ಡಿಗ್ರಿಯ ಲೆಕ್ಕ ಇಲ್ಲಿಗೆ ಮುಗಿಯಿತು. ವರದಿಯಲ್ಲಿ ಬರಿಯ ಸಂಖ್ಯೆ ಬರೆಯಬೇಡಿ: ಯಾವ ಉಪಕರಣ, ಯಾವ ದರ ಅಥವಾ ಆವರ್ತನ, ರೇಖೆಯ ಯಾವ ಬಿಂದು, ಎಲ್ಲವನ್ನೂ ಬರೆಯಿರಿ.

ಡಿಎಸ್‌ಸಿಯಲ್ಲೂ ಒಂದು ಬಲೆಯಿದೆ, ಹಳೆಯ ಮೂಢನಂಬಿಕೆಗೆ ಮೇವು ಸಿಗುವುದೂ ಅಲ್ಲೇ. ಟಿಜಿ ಅಲ್ಲಿನ ರೇಖೆಯಲ್ಲಿ ಮೆಟ್ಟಿಲಾಗಿ ಕಾಣಬೇಕು, ಏಕೆಂದರೆ ಬದಲಾಗುವುದು ಶಾಖಧಾರಣೆ, ಅಂದರೆ ಒಂದು ಡಿಗ್ರಿ ಏರಿಸಲು ಬೇಕಾದ ಶಾಖ. ಆದರೆ ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಮಾದರಿಯನ್ನು ಮೊದಲ ಸಲ ಕಾಯಿಸಿದಾಗ ಮೆಟ್ಟಿಲಿನ ಮೇಲೊಂದು ಗೂನು ಏಳುತ್ತದೆ. 'ನೋಡಿ, ಕರಗಿದ ಶಿಖರ' ಎಂದು ವಿದ್ಯಾರ್ಥಿಗಳು ಸಂಭ್ರಮಿಸುತ್ತಾರೆ. ಅದು ಟಿಜಿಗಿಂತ ಕೆಳಗೆ ನಿಧಾನವಾಗಿ ಕುಗ್ಗಿ ಕೂತಿದ್ದ ಗಾಜು, ತಾನು ಕಳೆದುಕೊಂಡಿದ್ದ ಶಕ್ತಿಯನ್ನು ಮರಳಿ ಪಡೆಯುವ ಗುರುತು. ಟಿಜಿ ದಾಟಿಸಿ, ಗೊತ್ತಾದ ದರದಲ್ಲಿ ತಣಿಸಿ, ಎರಡನೆಯ ಸಲ ಕಾಯಿಸಿ; ಗೂನು ಬಹುಪಾಲು ಮಾಯ. ವಸ್ತುವಿನ ಟಿಜಿ ಬೇಕಿದ್ದರೆ ಎರಡನೆಯ ರೇಖೆಯನ್ನು ಓದಿ. ತಯಾರಾದ ಭಾಗ ಏಕೆ ಬಿರುಕು ಬಿಟ್ಟಿತು ಎಂದು ಹುಡುಕುತ್ತಿದ್ದರೆ ಮೊದಲನೆಯದನ್ನು ಎಸೆಯಬೇಡಿ, ಅದರ ಚರಿತ್ರೆಯೆಲ್ಲ ಅಲ್ಲಿದೆ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ: ಟಿಜಿಗಿಂತ ಮೇಲಿದ್ದ ಮಾತ್ರಕ್ಕೆ ರಬ್ಬರು ರಬ್ಬರಿನ ಕೆಲಸ ಮಾಡುತ್ತದೆಯೇ? 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿ, ಸ್ವಲ್ಪ ಹೊತ್ತಿನಲ್ಲೇ ಸಿಡಿದುಹೋದಾಗ ಫ್ಲಾರಿಡಾದ ಗಾಳಿ ಸುಮಾರು 2 ಡಿಗ್ರಿಯಷ್ಟಿತ್ತು. ಬೂಸ್ಟರ್ ರಾಕೆಟಿನ ಕೀಲಿನ ಸಂದು ಮುಚ್ಚುವ ಉಂಗುರ, ಓ-ರಿಂಗ್, ವೈಟಾನ್ ರಬ್ಬರಿನದು, ಅದರ ಟಿಜಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಗಾಜಾಗಿರಲಿಲ್ಲ. ಆದರೆ ಕೀಲು ತೆರೆದುಕೊಳ್ಳುವಾಗ ಉಂಗುರ ಕ್ಷಣಾರ್ಧದಲ್ಲಿ ಉಬ್ಬಿ ಸಂದು ಮುಚ್ಚಬೇಕಿತ್ತು, ಆ ಚಳಿಯಲ್ಲಿ ಅದಕ್ಕೆ ಅಷ್ಟು ಚುರುಕಿರಲಿಲ್ಲ. ವಿಚಾರಣಾ ಆಯೋಗದ ಮುಂದೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಕ್ಲ್ಯಾಂಪಿನಲ್ಲಿ ಅದುಮಿ ಮಂಜುಗಡ್ಡೆಯ ನೀರಿನಲ್ಲಿ ಅದ್ದಿ, ಹೊರತೆಗೆದು ಬಿಡಿಸಿ, ಅದು ಕೂಡಲೇ ಮೊದಲಿನ ಆಕಾರಕ್ಕೆ ಬಾರದಿರುವುದನ್ನು ತೋರಿಸಿದರು. ಚಳಿಯಲ್ಲಿ ಕೆಲಸ ಮಾಡುವ ಸೀಲ್ ಆಯುವವರು ಟಿಜಿಯೊಂದನ್ನೇ ನೋಡದೆ ಟಿಆರ್-10 ಕೇಳುವುದು ಇದಕ್ಕೇ. ಹಿಗ್ಗಿಸಿದ ರಬ್ಬರನ್ನು ಹಾಗೆಯೇ ಹೆಪ್ಪುಗಟ್ಟಿಸಿ ನಿಧಾನವಾಗಿ ಬೆಚ್ಚಗಾಗಿಸುವಾಗ, ಹಿಗ್ಗಿದ್ದರ ಶೇ 10ರಷ್ಟು ಯಾವ ತಾಪಮಾನದಲ್ಲಿ ಹಿಂದಿರುಗುತ್ತದೆಯೋ ಅದು ಟಿಆರ್-10.