ಖಂಡಗಳ ಚಾಂಪಿಯನ್ನರ ಕಪ್ ಎಲ್ಲಿ ಹೋಯಿತು?

ಪ್ರಶ್ನೆ: ಫುಟ್‌ಬಾಲ್ ವಿಶ್ವಕಪ್‌ಗೆ ಒಂದು ವರ್ಷ ಮೊದಲು ಫಿಫಾ ಕಾನ್ಫೆಡರೇಷನ್ಸ್ ಕಪ್ ಅಂತ ನಡೆಯುತ್ತಿತ್ತಲ್ಲ, ಖಂಡಗಳ ಚಾಂಪಿಯನ್ನರೆಲ್ಲ ಆಡುತ್ತಿದ್ದರು. 2017ರ ನಂತರ ಅದರ ಸುದ್ದಿಯೇ ಇಲ್ಲ. ಯಾಕೆ ನಿಲ್ಲಿಸಿದರು? ಮತ್ತೆ ಶುರುವಾಗುತ್ತದಾ?

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. 2019ರ ಮಾರ್ಚ್ 15ರಂದು ಮಯಾಮಿಯಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಮಂಡಳಿಯ ಸಭೆ ನಡೆಯಿತು. 24 ಕ್ಲಬ್‌ಗಳ ದೊಡ್ಡ ಕ್ಲಬ್ ವಿಶ್ವಕಪ್ ನಡೆಸುವುದು ಅಂತ ಅಲ್ಲಿ ತೀರ್ಮಾನವಾಯಿತು. ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಬೇಕಿತ್ತು. ಕಾನ್ಫೆಡರೇಷನ್ಸ್ ಕಪ್‌ನ ಜಾಗವನ್ನು ತೆಗೆದು ಅದಕ್ಕೆ ಕೊಟ್ಟರು.

ಆದರೆ ಇದು ಒಂದೇ ಸಭೆಯಲ್ಲಿ ಹೋದ ಟೂರ್ನಿ ಅಲ್ಲ. ಬೇಡವಾಗುತ್ತಾ ಬಂದಿದ್ದು ಬಹಳ ಹಿಂದಿನಿಂದ. ನನಗೆ ಕಾಣುವ ಕಾರಣ ಒಂದೇ. ಯಾವ ದೊಡ್ಡ ತಂಡಗಳು ಬಂದರೆ ಇದಕ್ಕೆ ಬೆಲೆ ಬರುತ್ತಿತ್ತೋ ಅವಕ್ಕೆ ಇದು ಬೇಕಿರಲಿಲ್ಲ. ಯಾರಿಗೆ ನಿಜವಾಗಿ ಬೇಕಿತ್ತೋ ಅವರ ಮಾತಿಗೆ ತೂಕ ಇರಲಿಲ್ಲ.

ಶುರುವಾಗಿದ್ದು ಸೌದಿ ಅರೇಬಿಯಾದಲ್ಲಿ. 1992ರಲ್ಲಿ ಅಲ್ಲಿನ ದೊರೆಯ ಹೆಸರಿನಲ್ಲಿ ಕಿಂಗ್ ಫಹದ್ ಕಪ್ ಅಂತ ಒಂದು ಪುಟ್ಟ ಟೂರ್ನಿ ಮಾಡಿದರು. ತಂಡಗಳು ನಾಲ್ಕೇ: ಸೌದಿ, ಅರ್ಜೆಂಟೀನಾ, ಅಮೆರಿಕ, ಐವರಿ ಕೋಸ್ಟ್. ಫೈನಲ್‌ನಲ್ಲಿ ಅರ್ಜೆಂಟೀನಾ ಸೌದಿಯನ್ನು 3-1ರಿಂದ ಸೋಲಿಸಿತು. 1995ರಲ್ಲಿ ಆರು ತಂಡಗಳು ಬಂದವು, ಡೆನ್ಮಾರ್ಕ್ ಗೆದ್ದಿತು. 1997ರಲ್ಲಿ ಫಿಫಾ ಇದನ್ನು ತನ್ನ ಕೈಗೆ ತೆಗೆದುಕೊಂಡು ಎಂಟು ತಂಡಗಳ ಟೂರ್ನಿ ಮಾಡಿತು. ಆ ಸಲದ ಫೈನಲ್‌ನಲ್ಲಿ ಬ್ರೆಜಿಲ್ ಆಸ್ಟ್ರೇಲಿಯಾಕ್ಕೆ ಆರು ಗೋಲು ಹೊಡೆಯಿತು. ರೊನಾಲ್ಡೊ ಮೂರು, ರೊಮಾರಿಯೊ ಮೂರು. ಒಂದೇ ಫೈನಲ್‌ನಲ್ಲಿ ಒಂದೇ ತಂಡದ ಇಬ್ಬರ ಹ್ಯಾಟ್ರಿಕ್!

ಎಂಟು ತಂಡಗಳ ಲೆಕ್ಕ ಸರಳ. ಯುರೋಪ್, ದಕ್ಷಿಣ ಅಮೆರಿಕ, ಆಫ್ರಿಕಾ, ಏಷ್ಯಾ, ಉತ್ತರ ಮತ್ತು ಮಧ್ಯ ಅಮೆರಿಕ, ಓಷಿಯಾನಿಯಾ (ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪಗಳು). ಈ ಆರು ಒಕ್ಕೂಟಗಳ ಚಾಂಪಿಯನ್ನರು, ಜೊತೆಗೆ ವಿಶ್ವಕಪ್ ಗೆದ್ದವರು ಮತ್ತು ಆತಿಥೇಯರು. ಒಂದೇ ತಂಡ ಎರಡು ಕಡೆಯಿಂದ ಅರ್ಹತೆ ಪಡೆದರೆ ಸಾಮಾನ್ಯವಾಗಿ ರನ್ನರ್ ಅಪ್ ತಂಡಕ್ಕೆ ಅವಕಾಶ. 2013ರಲ್ಲಿ ಸ್ಪೇನ್ ವಿಶ್ವಕಪ್ಪನ್ನೂ ಯುರೋಪಿನ ದೇಶಗಳ ಯುರೋ ಕಪ್ಪನ್ನೂ ಗೆದ್ದ ತಂಡವಾಗಿತ್ತು. ಹಾಗಾಗಿ ಯುರೋ ಫೈನಲ್‌ನಲ್ಲಿ ಸೋತ ಇಟಲಿ ಬಂತು.

ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ಚಾಂಪಿಯನ್ನರು ಮಾತ್ರ ಆಡುವ ಟೂರ್ನಿ. ತೊಂದರೆ ಏನೆಂದರೆ ಕರೆದವರು ಬರುತ್ತಿರಲಿಲ್ಲ. 1996ರ ಯುರೋ ಗೆದ್ದ ಜರ್ಮನಿ 1997ರಲ್ಲಿ ಒಲ್ಲೆ ಎಂದಿತು, ಫೈನಲ್‌ನಲ್ಲಿ ಸೋತಿದ್ದ ಚೆಕ್ ಗಣರಾಜ್ಯ ಹೋಯಿತು. 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ 1999ಕ್ಕೆ ಬರಲಿಲ್ಲ. 2003ರಲ್ಲಿ ಜರ್ಮನಿ ಮತ್ತೆ ಹಿಂದೆ ಸರಿಯಿತು, ಕೊನೆಗೆ ಟರ್ಕಿ ಬಂದು ಆಡಿತು. ಆಟಗಾರರಿಗೆ ಸಂಬಳ ಕೊಡುವುದು ಯುರೋಪಿನ ಕ್ಲಬ್‌ಗಳು. ವರ್ಷವಿಡೀ ಆಡಿ ದಣಿದವರನ್ನು ರಜೆಯ ತಿಂಗಳಲ್ಲಿ ಮತ್ತೆ ಕಳಿಸಲು ಅವಕ್ಕೆ ಮನಸ್ಸಿಲ್ಲ. ಆಗ ಟೂರ್ನಿ ನಡೆಯುತ್ತಿದ್ದುದು ಎರಡು ವರ್ಷಕ್ಕೊಮ್ಮೆ, ಅದಂತೂ ತೀರಾ ಜಾಸ್ತಿಯಾಗಿತ್ತು.

2003ರ ಟೂರ್ನಿಯಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜೂನ್ 26, ಫ್ರಾನ್ಸ್‌ನ ಲಿಯಾನ್ ನಗರ. ಕ್ಯಾಮರೂನ್ ಮತ್ತು ಕೊಲಂಬಿಯಾ ನಡುವೆ ಸೆಮಿಫೈನಲ್. ಕ್ಯಾಮರೂನ್ 1-0 ಮುಂದಿತ್ತು. 72ನೇ ನಿಮಿಷದಲ್ಲಿ ಮಾರ್ಕ್ ವಿವಿಯನ್ ಫೊಯೆ ಮೈದಾನದ ನಡುವೆ ಕುಸಿದು ಬಿದ್ದ. ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಗಿರಲಿಲ್ಲ. ಮತ್ತೆ ಏಳಲೇ ಇಲ್ಲ. ವಯಸ್ಸು 28. ಅವನ ಹೃದಯದ ಸ್ನಾಯು ದಪ್ಪಗಾಗಿತ್ತು, ಅದು ಗೊತ್ತಾದದ್ದು ಶವಪರೀಕ್ಷೆಯಲ್ಲಿ. ಮೂರೇ ದಿನಕ್ಕೆ ಫೈನಲ್ ನಡೆಸಿದರು. ಕ್ಯಾಮರೂನ್ ಆಟಗಾರರು ಫೊಯೆಯ ದೊಡ್ಡ ಫೋಟೊ ಹಿಡಿದು ಮೈದಾನಕ್ಕೆ ಬಂದರು. ಹೆಚ್ಚುವರಿ ಅವಧಿಯಲ್ಲಿ ಥಿಯರಿ ಆನ್ರಿಯ ಗೋಲ್ಡನ್ ಗೋಲಿನಿಂದ (ಆ ಅವಧಿಯಲ್ಲಿ ಮೊದಲು ಗೋಲು ಹೊಡೆದವರಿಗೇ ಗೆಲುವು) ಫ್ರಾನ್ಸ್ ಗೆದ್ದಿತು. ಆ ಗೆಲುವನ್ನು ಸಂಭ್ರಮಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಸಾವಿಗೆ ಟೂರ್ನಿ ಕಾರಣ ಅಂತ ಹೇಳುವುದು ತಪ್ಪಾಗುತ್ತದೆ. ಆದರೂ ಬಿಡುವಿಲ್ಲದೆ ಆಡಿಸುವುದು ಸರಿಯಾ, ಈ ಟೂರ್ನಿ ಬೇಕಾ ಎಂಬ ಪ್ರಶ್ನೆ ಆಗ ಜೋರಾಗಿಯೇ ಎದ್ದಿತು.

2005ರಿಂದ ಫಿಫಾ ದಾರಿ ಬದಲಿಸಿತು. ಇನ್ನು ನಾಲ್ಕು ವರ್ಷಕ್ಕೊಮ್ಮೆ, ಅದೂ ಮುಂದಿನ ವರ್ಷ ವಿಶ್ವಕಪ್ ನಡೆಸುವ ದೇಶದಲ್ಲೇ. ಕಾಗದದ ಮೇಲೆ ಒಳ್ಳೆಯ ಉಪಾಯ. ಕ್ರೀಡಾಂಗಣ, ಭದ್ರತೆ, ಟಿಕೆಟ್, ಸಾರಿಗೆ ಎಲ್ಲವನ್ನೂ ಮೊದಲೇ ಪರೀಕ್ಷಿಸಬಹುದು. 2013ರಲ್ಲಿ ಚೆಂಡು ಗೆರೆ ದಾಟಿತೇ ಎಂದು ಹೇಳುವ ಗೋಲ್‌ಲೈನ್ ತಂತ್ರಜ್ಞಾನ, 2017ರಲ್ಲಿ ವಿಡಿಯೊ ನೋಡಿ ರೆಫರಿಯ ತೀರ್ಪು ಪರಿಶೀಲಿಸುವ ವಿಎಆರ್ ಇಲ್ಲಿ ಬಳಕೆಯಾಗಿ ಆಮೇಲೆ ವಿಶ್ವಕಪ್‌ಗೆ ಹೋದವು. 2009ರಲ್ಲಿ ದಕ್ಷಿಣ ಆಫ್ರಿಕಾದ ವುವುಜೆಲಾ ತುತ್ತೂರಿಯ ಸದ್ದು ಜಗತ್ತಿನ ಟಿವಿಗಳಲ್ಲಿ ಮೊಳಗಿದ್ದೂ ಇದರಿಂದಲೇ.

ಆದರೆ ಇಲ್ಲೇ ಎಡವಟ್ಟಾಯಿತು ಅನ್ನುವುದು ನನ್ನ ಅಭಿಪ್ರಾಯ. ಟೂರ್ನಿಗೆ ತಾಲೀಮು ಎಂಬ ಹಣೆಪಟ್ಟಿ ಬಿತ್ತು. ನಾಟಕದ ತಾಲೀಮು ನೋಡಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ದೊಡ್ಡ ತಂಡಗಳೂ ಹಾಗೇ ನಡೆದುಕೊಂಡವು. 2017ರಲ್ಲಿ ರಷ್ಯಾಕ್ಕೆ ಜರ್ಮನಿ ಹೋದದ್ದು ಕ್ರೂಸ್, ಮ್ಯುಲರ್, ಓಝಿಲ್, ಹುಮ್ಮೆಲ್ಸ್ ಯಾರೂ ಇಲ್ಲದ ಎಳೆಯರ ತಂಡವಾಗಿ. ನಾಯಕ 23 ವರ್ಷದ ಯೂಲಿಯಾನ್ ಡ್ರಾಕ್ಸ್‌ಲರ್. ಆ ತಂಡವೇ ಕಪ್ ಗೆದ್ದಿತು. ಚಿಲಿ ಮಾತ್ರ ತನ್ನ ಪೂರ್ತಿ ಬಲ ತಂದಿತ್ತು. ಸೆಮಿಫೈನಲ್‌ನಲ್ಲಿ ಕೀಪರ್ ಕ್ಲಾಡಿಯೊ ಬ್ರಾವೊ ಪೋರ್ಚುಗಲ್‌ನ ಮೂರಕ್ಕೆ ಮೂರೂ ಪೆನಾಲ್ಟಿ ತಡೆದ. ಫೈನಲ್‌ನಲ್ಲಿ ಚಿಲಿ ತನ್ನದೇ ಗೋಲಿನ ಮುಂದೆ ಚೆಂಡು ಕಳೆದುಕೊಂಡ ಒಂದು ತಪ್ಪಿನಿಂದ ಜರ್ಮನಿಯ ಲಾರ್ಸ್ ಸ್ಟಿಂಡಲ್ ಗೋಲು ಹೊಡೆದ. 1-0, ಅಲ್ಲಿಗೆ ಮುಗಿಯಿತು.

ಇಲ್ಲಿ ಗೆದ್ದವರು ಮುಂದಿನ ವಿಶ್ವಕಪ್ ಗೆಲ್ಲುವುದಿಲ್ಲ ಎಂಬ ಮಾತು ಬಹಳ ಜನ ಕೇಳುತ್ತಾರೆ. ಅದು ನಿಜ, ಒಮ್ಮೆಯೂ ಆಗಲಿಲ್ಲ. 2001ರಲ್ಲಿ ಗೆದ್ದ ಫ್ರಾನ್ಸ್ 2002ರ ವಿಶ್ವಕಪ್‌ನಲ್ಲಿ ಒಂದು ಗೋಲೂ ಹೊಡೆಯದೆ ಗುಂಪು ಹಂತದಲ್ಲೇ ಹೊರಬಿತ್ತು. 2013ರಲ್ಲಿ ಗೆದ್ದ ಬ್ರೆಜಿಲ್ ಮರುವರ್ಷ ಜರ್ಮನಿಗೆ 7-1ರಿಂದ ಸೋತಿತು. 2018ರಲ್ಲಿ ಜರ್ಮನಿಯೂ ಗುಂಪು ಹಂತ ದಾಟಲಿಲ್ಲ. ಇದನ್ನು ಶಾಪ ಅನ್ನುತ್ತಾರೆ. ಸುಮ್ನೆ ಹೇಳುವ ಮಾತು ಅದು. ವಿಶ್ವಕಪ್ ಗೆಲ್ಲುವುದು ಯಾರಿಗಾದರೂ ಕಷ್ಟ, ಒಂದು ವರ್ಷದಲ್ಲಿ ತಂಡಗಳೂ ಬದಲಾಗುತ್ತವೆ.

ಈಗ ಇನ್ನೊಂದು ಕಡೆಯಿಂದ ನೋಡೋಣ. ಈ ಟೂರ್ನಿ ಯಾರಿಗೆ ಬೇಕಿತ್ತು?

2012ರಲ್ಲಿ ಓಷಿಯಾನಿಯಾ ನೇಷನ್ಸ್ ಕಪ್ಪನ್ನು ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ಟಹೀಟಿ ಗೆದ್ದಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಿಟ್ಟು ಬೇರೊಂದು ತಂಡ ಅದನ್ನು ಗೆದ್ದದ್ದು ಅದೇ ಮೊದಲು. ಹಾಗಾಗಿ 2013ರಲ್ಲಿ ಬ್ರೆಜಿಲ್‌ಗೆ ಹೋಗುವ ಅವಕಾಶ ಸಿಕ್ಕಿತು. ತಂಡದಲ್ಲಿ ವೃತ್ತಿಪರ ಆಟಗಾರ ಒಬ್ಬನೇ, ಮರಾಮಾ ವಾಹಿರುವಾ. ಉಳಿದವರೆಲ್ಲ ಹವ್ಯಾಸಕ್ಕೆ ಆಡುವವರು.

ಮೊದಲ ಪಂದ್ಯ ಬೆಲೊ ಹೊರಿಜಾಂಟೆಯಲ್ಲಿ, ಆಫ್ರಿಕಾ ಚಾಂಪಿಯನ್ ನೈಜೀರಿಯಾ ಎದುರು. ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ 3-0 ಹಿಂದೆ. 54ನೇ ನಿಮಿಷದಲ್ಲಿ ಟಹೀಟಿಗೆ ಕಾರ್ನರ್ ಸಿಕ್ಕಿತು. ಚೆಂಡು ದೂರದ ಕಂಬದ ಕಡೆ ಬಂತು, ಜೊನಾಥನ್ ತೆಹಾವು ಎಗರಿ ತಲೆಯಿಂದ ಹೊಡೆದ. ಗೋಲು! ಆಟಗಾರರು ಸಾಲಾಗಿ ಹುಲ್ಲಿನ ಮೇಲೆ ಕೂತು ದೋಣಿಗೆ ಹುಟ್ಟು ಹಾಕುವ ಹಾಗೆ ಕೈ ಬೀಸಿದರು. ದ್ವೀಪದವರಲ್ಲವೇ. ಕ್ರೀಡಾಂಗಣವೇ ಎದ್ದು ಕೂಗಿತು. ಪಂದ್ಯ 6-1ರಿಂದ ಸೋತರು.

ಎರಡನೆಯ ಪಂದ್ಯ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ, ವಿಶ್ವ ಚಾಂಪಿಯನ್ ಸ್ಪೇನ್ ಎದುರು. 10-0. ಫೆರ್ನಾಂಡೊ ಟೊರೆಸ್ ಒಬ್ಬನೇ ನಾಲ್ಕು ಗೋಲು ಹೊಡೆದ. ಆದರೆ ಅವನು ಒಂದು ಪೆನಾಲ್ಟಿಯನ್ನು ಅಡ್ಡಪಟ್ಟಿಗೆ ಹೊಡೆದಾಗ ಬ್ರೆಜಿಲ್‌ನ ಪ್ರೇಕ್ಷಕರು ತಮ್ಮದೇ ತಂಡ ಗೆದ್ದಷ್ಟು ಕುಣಿದರು. ಮೂರನೆಯದು ಉರುಗ್ವೆ ಎದುರು, 8-0. ಮೂರು ಪಂದ್ಯ, 24 ಗೋಲು ಬಿಟ್ಟುಕೊಟ್ಟರು, ಹೊಡೆದದ್ದು ಒಂದು. ಕೊನೆಯ ಪಂದ್ಯ ಮುಗಿದ ಮೇಲೆ ಬ್ರೆಜಿಲ್‌ಗೆ ಧನ್ಯವಾದ ಹೇಳುವ ಬ್ಯಾನರ್ ಹಿಡಿದು ಮೈದಾನ ಸುತ್ತಿದರು.

ಇಂಥ ತಂಡಗಳು ಟೂರ್ನಿಯ ಮಟ್ಟ ಇಳಿಸುತ್ತವೆ ಎಂದು ವಾದಿಸುವವರು ಆಗಲೂ ಇದ್ದರು. ನಾನು ಒಪ್ಪುವುದಿಲ್ಲ. ಟಹೀಟಿ ಚೀಟಿ ಎತ್ತಿಸಿ ಬಂದ ತಂಡ ಅಲ್ಲ, ತನ್ನ ಖಂಡದ ಕಪ್ ಗೆದ್ದು ಬಂದದ್ದು. ಮರಕಾನಾದಲ್ಲಿ ಸ್ಪೇನ್ ಜೊತೆ ಆಡುವ ಹಕ್ಕು ಅದಕ್ಕೆ ಇತ್ತು.

ಮಧ್ಯದಲ್ಲಿದ್ದ ತಂಡಗಳಿಗೂ ಇದು ದೊಡ್ಡದು. 2009ರಲ್ಲಿ ಅಮೆರಿಕ ಮೊದಲೆರಡು ಪಂದ್ಯ ಸೋತಿತ್ತು. ಗುಂಪು ಹಂತದ ಕೊನೆಯ ದಿನ ಅದು ಈಜಿಪ್ಟನ್ನು 3-0ರಿಂದ ಸೋಲಿಸಿತು. ಅದೇ ಹೊತ್ತಿಗೆ ಬ್ರೆಜಿಲ್ ಇಟಲಿಯನ್ನು 3-0ರಿಂದ ಸೋಲಿಸಿತು. ಗೋಲುಗಳ ಲೆಕ್ಕದಲ್ಲಿ ಅಮೆರಿಕ ಸೆಮಿಫೈನಲ್‌ಗೆ ನುಸುಳಿತು. ಎದುರಿಗೆ 35 ಪಂದ್ಯಗಳಿಂದ ಸೋಲು ಕಾಣದ ಸ್ಪೇನ್. ಅಮೆರಿಕ 2-0ರಿಂದ ಗೆದ್ದಿತು. ಫೈನಲ್‌ನಲ್ಲೂ ವಿರಾಮದ ಹೊತ್ತಿಗೆ ಬ್ರೆಜಿಲ್ ವಿರುದ್ಧ 2-0 ಮುಂದಿತ್ತು, ಕೊನೆಗೆ 3-2ರಿಂದ ಸೋತಿತು. ಅದು ಬ್ರೆಜಿಲ್‌ನ ಮೂರನೆಯ ಕಪ್. 2013ರದ್ದೂ ಸೇರಿ ಒಟ್ಟು ನಾಲ್ಕು, ಬೇರೆ ಯಾರಿಗೂ ಅಷ್ಟಿಲ್ಲ.

ಕೊನೆಯ ಪೆಟ್ಟು ಕೊಟ್ಟದ್ದು ಕತಾರ್‌ನ ಬಿಸಿಲು. ಅಲ್ಲಿನ ಬೇಸಿಗೆಗೆ ಹೆದರಿ 2022ರ ವಿಶ್ವಕಪ್ಪನ್ನು ನವೆಂಬರ್-ಡಿಸೆಂಬರ್‌ಗೆ ಹಾಕಿದರು. ಹಾಗಾದರೆ 2021ರ ಕಾನ್ಫೆಡರೇಷನ್ಸ್ ಕಪ್? ಜೂನ್‌ನಲ್ಲಿ ಕತಾರ್‌ನಲ್ಲಿ ಆಡುವ ಹಾಗಿಲ್ಲ. ಸತತ ಎರಡು ವರ್ಷ ನವೆಂಬರ್‌ನಲ್ಲಿ ಯುರೋಪಿನ ಲೀಗ್‌ಗಳನ್ನು ನಿಲ್ಲಿಸಲು ಕ್ಲಬ್‌ಗಳು ಒಪ್ಪುವುದಿಲ್ಲ. ಏಷ್ಯಾದ ಬೇರೆ ದೇಶಕ್ಕೆ ಕೊಡುವ ಯೋಚನೆಯೂ ಇತ್ತು. ಆದರೆ ಕತಾರ್‌ನ ಮೈದಾನ ಪರೀಕ್ಷಿಸುವ ಟೂರ್ನಿಯನ್ನು ಬೇರೆಲ್ಲೋ ಆಡಿದರೆ ತಾಲೀಮಿಗೆ ಏನು ಅರ್ಥ? ಅದೊಂದೇ ಕಾರಣಕ್ಕೆ ಬದುಕಿದ್ದ ಟೂರ್ನಿಗೆ ಆ ಕಾರಣವೂ ಉಳಿಯಲಿಲ್ಲ. ಕತಾರ್ ತನ್ನ ಪರೀಕ್ಷೆಯನ್ನು 2021ರ ಕೊನೆಯಲ್ಲಿ ಅರಬ್ ಕಪ್ ನಡೆಸಿ ಮುಗಿಸಿಕೊಂಡಿತು.

ಬದಲಿಗೆ ಬಂದ ಕ್ಲಬ್ ವಿಶ್ವಕಪ್ ಕೊರೊನಾದಿಂದ ಮುಂದಕ್ಕೆ ಹೋಗಿ, 32 ಕ್ಲಬ್‌ಗಳಿಗೆ ಬೆಳೆದು, 2025ರ ಜೂನ್-ಜುಲೈನಲ್ಲಿ ಅಮೆರಿಕದಲ್ಲಿ ನಡೆಯಿತು. ಚೆಲ್ಸಿ ಗೆದ್ದಿತು. ಗಮನಿಸಿ, ಅದು 2026ರ ವಿಶ್ವಕಪ್‌ಗೆ ಸರಿಯಾಗಿ ಒಂದು ವರ್ಷ ಮೊದಲು, ವಿಶ್ವಕಪ್ ನಡೆಸುವ ದೇಶಗಳಲ್ಲೊಂದರಲ್ಲಿ. ಹಳೆಯ ಕಪ್‌ನ ಜಾಗವೇ ಅದು. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಆ ಜಾಗ ಖಾಲಿಯಾಗದೆ ಇದು ಮರಳುವುದಿಲ್ಲ.

ಫೈನಲಿಸಿಮಾ ಇದೆಯಲ್ಲ ಅಂತ ಕೆಲವರು ಕೇಳಬಹುದು. ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ನರ ಒಂದೇ ಪಂದ್ಯ ಅದು. 2022ರ ಜೂನ್‌ನಲ್ಲಿ ವೆಂಬ್ಲಿಯಲ್ಲಿ ಅರ್ಜೆಂಟೀನಾ ಇಟಲಿಯನ್ನು 3-0ರಿಂದ ಸೋಲಿಸಿತು. ಪಂದ್ಯ ಸೊಗಸಾಗಿತ್ತು. ಆದರೆ ಉಳಿದ ನಾಲ್ಕು ಒಕ್ಕೂಟಗಳಿಗೆ ಅಲ್ಲಿ ಬಾಗಿಲೇ ಇಲ್ಲ. ಕಾನ್ಫೆಡರೇಷನ್ಸ್ ಕಪ್‌ನ ಬದಲಿ ಅಂತ ಅದನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸಮಾಧಾನದ ಸಂಗತಿ ಒಂದಿದೆ. ವಿಶ್ವಕಪ್ 48 ತಂಡಗಳಿಗೆ ಬೆಳೆದದ್ದರಿಂದ ಓಷಿಯಾನಿಯಾಕ್ಕೆ ಮೊದಲ ಸಲ ಒಂದು ನೇರ ಸ್ಥಾನ ಸಿಕ್ಕಿದೆ. 2026ಕ್ಕೆ ಅದನ್ನು ನ್ಯೂಜಿಲೆಂಡ್ ಗಳಿಸಿತು.

ಈ ಟೂರ್ನಿಯ ಹಳೆಯ ಪಂದ್ಯ ಒಂದನ್ನು ನೋಡಬೇಕು ಅನ್ನಿಸಿದರೆ 1999ರ ಫೈನಲ್ ಹುಡುಕಿ. ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣ, ಲಕ್ಷಕ್ಕೂ ಜಾಸ್ತಿ ಜನ. ಮೆಕ್ಸಿಕೊ ಮೊದಲ ಅರ್ಧ ಗಂಟೆಯಲ್ಲೇ 2-0 ಮುಂದೆ. ಬ್ರೆಜಿಲ್ 2-2 ಮಾಡಿತು. ಮತ್ತೆ ಮೆಕ್ಸಿಕೊ ಎರಡು ಹೊಡೆಯಿತು, ನಾಲ್ಕನೆಯದು ಕುವಾಟೆಮೊಕ್ ಬ್ಲಾಂಕೊನದ್ದು. ಮರುನಿಮಿಷವೇ ಬ್ರೆಜಿಲ್‌ನಿಂದ ಇನ್ನೊಂದು, 4-3. ಆಮೇಲಿನ ಸುಮಾರು ಅರ್ಧ ಗಂಟೆ ಮೆಕ್ಸಿಕೊ ಆ ಒಂದು ಗೋಲಿನ ಅಂತರ ಕಾಪಾಡಿಕೊಂಡ ರೀತಿ ನೋಡಿ. ಅವರಿಗಂತೂ ಅದು ತಾಲೀಮು ಆಗಿರಲಿಲ್ಲ.