ಬ್ರಿಡ್ಜ್ ಕೆಡುವುದು ಅಂಚಿನಲ್ಲಿ

"ಡಾಕ್ಟ್ರೇ, ಕ್ಯಾಪಿಗೆ ಎಷ್ಟು ವರ್ಷ ಗ್ಯಾರಂಟಿ?" ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಮುಂಬೈ ಕನ್ನಡಿಗರು ಮೊದಲು ಕೇಳುವುದು ಇದನ್ನೇ. ಹಲ್ಲಿನ ಮೇಲೆ ಕೂರಿಸುವ ಜಿರ್ಕೋನಿಯಾ (ಬಿಳಿ ಸೆರಾಮಿಕ್) ಕ್ಯಾಪಿನ ಜೊತೆ ಕೊಡುವ ಕಾರ್ಡಿನಲ್ಲಿ ವರ್ಷಗಳ ಲೆಕ್ಕ ಇರುತ್ತದೆ, ನಿಜ. ಆದರೆ ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ. ಕ್ಯಾಪ್ ಮುಗಿಯುವ ಗೆರೆಯಲ್ಲಿ, ಒಸಡಿನ ಪಕ್ಕದಲ್ಲಿ, ನಿಮ್ಮ ಸ್ವಂತ ಹಲ್ಲಿಗೆ ಹಿಡಿಯುತ್ತದೆ. ಆ ಗೆರೆಯ ಬಗ್ಗೆ ಕಾರ್ಡಿನಲ್ಲಿ ಒಂದಕ್ಷರವೂ ಇರುವುದಿಲ್ಲ.

ರೂಟ್ ಕೆನಾಲ್ ಆದ ದವಡೆ ಹಲ್ಲಿನ ನಡು ಟೊಳ್ಳಾಗಿರುತ್ತದೆ, ಅಗಿಯುವಾಗ ಗೋಡೆಗಳು ಸೀಳುತ್ತವೆ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಅದನ್ನು ಹಿಡಿದಿಡಬೇಕು. ಅದಕ್ಕೆ ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಅಷ್ಟಿಲ್ಲದೆ ಬರೀ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಮತ್ತು ಸಿಮೆಂಟಿನ ಮೇಲೆ ಕೂರಿಸಿದ ಕ್ಯಾಪ್, ಎಷ್ಟೇ ದುಬಾರಿಯದಾದರೂ, ಬೇಗ ಕಳಚುತ್ತದೆ.

ಬ್ರಿಡ್ಜ್ ಅಂದರೆ ಎರಡು ಕ್ಯಾಪುಗಳ ನಡುವೆ ಹೋದ ಹಲ್ಲಿನ ಜಾಗಕ್ಕೆ ಕೃತಕ ಹಲ್ಲು ಜೋಡಿಸಿದ್ದು. ಹೋದದ್ದು ಒಂದು ಹಲ್ಲಾದರೆ ಅದಕ್ಕೆ ಅಕ್ಕಪಕ್ಕದ ಎರಡನ್ನು ಕೆತ್ತಬೇಕು. ಅವೆರಡೂ ಯಾವ ಕೆಲಸವೂ ಆಗದ, ಗಟ್ಟಿ ಹಲ್ಲುಗಳಾದರೆ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಸ್ಕ್ರೂ ಮೇಲಿನ ಹಲ್ಲು) ಬಗ್ಗೆ ಮೊದಲು ಕೇಳಿ. ಅವುಗಳಲ್ಲಿ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ ಬ್ರಿಡ್ಜೇ ಸರಿ. ಹಲ್ಲು ಕಿತ್ತ ಮೇಲೆ ಎರಡು ಮೂರು ತಿಂಗಳು ಕಾಯುವುದು ಒಳ್ಳೆಯದು. ಅವಸರದಲ್ಲಿ ಬ್ರಿಡ್ಜ್ ಕೂರಿಸಿದರೆ ಒಸಡು ಇಳಿದು ನಡುವಿನ ಹಲ್ಲಿನ ಕೆಳಗೆ ಸಂದು ಬೀಳುತ್ತದೆ.

ಕೆತ್ತುವಾಗ ಅಗಿಯುವ ಮೇಲ್ಮೈಯಿಂದ ಒಂದೂವರೆಯಿಂದ 2 ಮಿ.ಮೀ. ತೆಗೆಯುತ್ತಾರೆ. ಕಡಿಮೆ ತೆಗೆದರೆ ಕ್ಯಾಪಿನ ಪೋರ್ಸಲೇನ್ (ಪಿಂಗಾಣಿ) ತೆಳುವಾಗಿ ಕೋಡುಬಳೆ ಕಡಿದಾಗ ಸಿಡಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಅಳತೆ. ಒಸಡಿನೊಳಗೆ ಸಣ್ಣ ದಾರ ತುರುಕಿ ಕೆಲವು ನಿಮಿಷ ಬಿಟ್ಟು, ಅಂಚು ತೆರೆದುಕೊಂಡ ಮೇಲೆ ಅಚ್ಚು ತೆಗೆಯುವ ಸಿಲಿಕೋನ್ ಹಾಕುತ್ತಾರೆ. ಆಗ ಒಂದು ಹನಿ ರಕ್ತವೋ ಜೊಲ್ಲೋ ನುಗ್ಗಿದರೂ ಅಚ್ಚಿನಲ್ಲಿ ಗೆರೆ ಮಸುಕಾಗುತ್ತದೆ, ಲ್ಯಾಬಿನವರು ಅಂದಾಜಿನ ಮೇಲೆ ಮಾಡುತ್ತಾರೆ. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ, ವಾರ ಬಿಟ್ಟು ಅಳತೆ ಕೊಡಿ. ಎರಡನೇ ಸಲ ಅಳತೆ ತೆಗೆಯುತ್ತೇನೆ ಎನ್ನುವ ಡಾಕ್ಟರ ಮೇಲೆ ಸಿಟ್ಟಾಗಬೇಡಿ, ಅವರು ನಿಮ್ಮ ಹಲ್ಲನ್ನೇ ಉಳಿಸುತ್ತಿದ್ದಾರೆ.

ಮೇ ರಜೆಗೆ ಊರಿನ ಮತ್ಸ್ಯಗಂಧ ರೈಲು ಹತ್ತುವ ಮುನ್ನಾ ವಾರ ಹಲ್ಲು ಕೆತ್ತಿಸಬೇಡಿ. ಊರಲ್ಲಿ ತಾತ್ಕಾಲಿಕ ಕ್ಯಾಪ್ ಬಿದ್ದು ತಿಂಗಳು ಕಳೆದರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಉದ್ದವಾಗುತ್ತದೆ, ಮುಂಬೈಯಲ್ಲಿ ಕಾದಿರುವ ಬ್ರಿಡ್ಜ್ ಕೂರುವುದಿಲ್ಲ. ಬಿದ್ದರೆ ಫೆವಿಕ್ವಿಕ್ ಹಾಕದೆ ಹತ್ತಿರದ ದಂತವೈದ್ಯರಲ್ಲಿ ತಾತ್ಕಾಲಿಕ ಸಿಮೆಂಟಿನಿಂದ ಅಂಟಿಸಿಕೊಳ್ಳಿ. ಖರ್ಚಿನ ಚಿಂತೆ ಇದ್ದವರಿಗೆ ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜು, ಸಿಎಸ್‌ಎಂಟಿ ಸ್ಟೇಷನ್ ಹತ್ತಿರದ ಸರ್ಕಾರಿ ದಂತ ಕಾಲೇಜು ಇವೆ. ಆದರೆ ಓಡಾಟ ಹೆಚ್ಚು.

ಕೂರಿಸುವ ದಿನ, ಸಿಮೆಂಟ್ ಹಾಕುವ ಮೊದಲು, ಕ್ಯಾಪಿಗೂ ಪಕ್ಕದ ಹಲ್ಲಿಗೂ ನಡುವೆ ಫ್ಲಾಸ್ ದಾರ ಎಳೆಯಲು ಹೇಳಿ. ಟಕ್ ಎಂದು ತಡೆದು ಇಳಿಯಬೇಕು. ಸಲೀಸಾಗಿ ಜಾರಿದರೆ ಅಲ್ಲಿ ನಾಳೆಯಿಂದ ಅನ್ನ ಸಿಕ್ಕಿಕೊಳ್ಳುತ್ತದೆ. ಕಚ್ಚಿದಾಗ ಎತ್ತರ ಅನ್ನಿಸಿದರೆ ಸಂಕೋಚ ಬಿಟ್ಟು ಹೇಳಿ, ಅದು ತಾನಾಗಿ ಒಗ್ಗುವುದಿಲ್ಲ. ಅಂಟಿಸಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿದರೆ ಪಕ್ಕದ ಅಂಚಿನ ಸಂದು, ಉಳಿದ ಸಿಮೆಂಟ್ ಸಾಮಾನ್ಯವಾಗಿ ಕಾಣುತ್ತವೆ.

ಆಮೇಲೆ ರಾತ್ರಿ ಬ್ರಶ್ ಮಾಡಿದ ಬಳಿಕ ಸೂಪರ್‌ಫ್ಲಾಸಿನ (ಬ್ರಿಡ್ಜ್ ಕೆಳಗೆ ಉಜ್ಜುವ ದಾರದ) ಗಟ್ಟಿ ತುದಿಯನ್ನು ನಡುವಿನ ಹಲ್ಲಿನ ಕೆಳಗೆ ತೂರಿಸಿ, ಸ್ಪಂಜಿನ ಭಾಗ ಬರುವವರೆಗೆ ಎಳೆದು, ಎರಡೂ ಬದಿ ಉಜ್ಜಿ. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಬೆರಳಿನಿಂದ ಬ್ರಿಡ್ಜನ್ನು ಒತ್ತಿ ಬಿಡಿ. ಅಂಚಿನಲ್ಲಿ ಜೊಲ್ಲಿನ ಗುಳ್ಳೆ ಎದ್ದರೆ, ಬೆರಳಿಗೆ ಕೆಟ್ಟ ವಾಸನೆ ಅಂಟಿದರೆ, ಒಂದು ಕಡೆಯ ಸಿಮೆಂಟ್ ಬಿಟ್ಟಿರಬಹುದು. ಇನ್ನೊಂದು ಕಡೆ ಹಿಡಿದಿರುವುದರಿಂದ ಬ್ರಿಡ್ಜ್ ಬೀಳುವುದಿಲ್ಲ, ಒಳಗೆ ಮಾತ್ರ ಹಲ್ಲು ಕರಗುತ್ತಿರುತ್ತದೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರುವುದಿಲ್ಲ, ಹಾಗಾಗಿ ಈ ಹುಳುಕು ನೋಯುವುದಿಲ್ಲ. ಆ ವಾರವೇ ತೋರಿಸಿದರೆ ಬ್ರಿಡ್ಜ್ ತೆಗೆದು, ಹುಳುಕು ತುಂಬಿ, ಕೆಲವೊಮ್ಮೆ ಅದನ್ನೇ ಮತ್ತೆ ಅಂಟಿಸಲೂ ಆಗುತ್ತದೆ.