ಮುಷ್ಟಿ ಎತ್ತೂದು ಯಾರ ಮ್ಯಾಲ, ಮಾಲಕರ?

ಜುಲೈ ಬಂತಂದ್ರ ನಮ್ಮ ಡಿಸೈನ್ ಆಫೀಸಿಗೆ ಒಂದ ಥರದ ಆರ್ಡರ್ ಸುರು ಆಗ್ತಾವ. ಹುಬ್ಬಳ್ಳಿ ದುರ್ಗದಬೈಲಿನ ಸೀರಿ ಅಂಗಡಿಯವರಿಂದ ಹಿಡಿದು ಗದಗಿನ ಪಂಪ್‌ಸೆಟ್ ಡೀಲರ್ ತನಕ ಎಲ್ಲಾರೂ ಕೇಳೂದು ಅದನ್ನ, ‘ಆಗಸ್ಟ್ 15ಕ್ಕ ಬ್ಯಾನರ್ ಬೇಕ್ರಿ, ಸರಪಳಿ ಹರದಂಗ ಇರ್ಲಿ, ಮುಷ್ಟಿ ಎತ್ತಿದ್ದು ಇರ್ಲಿ, ಕೆಳಗ ಆಫರ್ ದೊಡ್ಡದಾಗಿ ಹಾಕ್ರಿ.’ ಮುಷ್ಟಿ ಯಾರ ಮ್ಯಾಲ ಎತ್ತೂದ್ರಿ ಮಾಲಕರ ಅಂತ ಕೇಳಿದ್ರ ನಗ್ತಾರ.

ಹೋರಾಟದ ಗುರುತು ತಗೊಂಡು ಮಾಲು ಮಾರೂದಕ್ಕ ಈ ಕಸುಬಿನಾಗ ಎಲ್ಲಾರೂ ಹೇಳೂ ಉದಾಹರಣಿ 1929ರದ್ದು. ಆವಾಗ ಅಮೆರಿಕಾದಾಗ ಹೆಣ್ಮಕ್ಕಳು ರಸ್ತೆದಾಗ ಸಿಗರೇಟ್ ಸೇದಿದ್ರ ಮಂದಿ ಹುಬ್ಬು ಗಂಟಿಕ್ಕತಿದ್ರು. ಲಕ್ಕಿ ಸ್ಟ್ರೈಕ್ ಸಿಗರೇಟಿನ ಕಂಪನಿ ಪ್ರಚಾರಕ್ಕ ಇಟ್ಕೊಂಡಿದ್ದ ಎಡ್ವರ್ಡ್ ಬರ್ನೇಸ್ ಏನ್ ಮಾಡಿದ, ನ್ಯೂಯಾರ್ಕಿನ ಈಸ್ಟರ್ ಮೆರವಣಿಗಿಯೊಳಗ ಹೆಣ್ಮಕ್ಕಳ ಕೈಯಾಗ ಸಿಗರೇಟ್ ಹಚ್ಚಿಸಿ ನಡಸಿದ, ಪೇಪರ್‌ನವರಿಗೆ ಇವು ‘ಸ್ವಾತಂತ್ರ್ಯದ ಪಂಜು’ ಅಂತ ಸುದ್ದಿ ಮುಟ್ಟಿಸಿದ, ಕಂಪನಿ ಹೆಸರು ಮಾತ್ರ ಎಲ್ಲೂ ಬರದಂಗ ನೋಡ್ಕೊಂಡ. ಓಟಿನ ಹಕ್ಕಿಗೆ ಬೀದಿಗಿಳಿದು ಜೈಲಿಗೆ ಹೋದ ಹೆಣ್ಮಕ್ಕಳ ನೆನಪು ಇನ್ನೂ ಹಸಿ ಇತ್ತು, ಅಲ್ಲಿ ಓಟು ಸಿಕ್ಕಿದ್ದ 1920ರಾಗ. ಆ ಸಿಟ್ಟು ಆ ಹೆಮ್ಮಿ ಎಲ್ಲಾ ಕಂಪನಿಗೆ ಪುಕ್ಕಟ ಸಿಕ್ತು, ಜೈಲಿನ ಊಟ ಉಂಡವರು ಬ್ಯಾರೆ, ಗಲ್ಲಾ ತುಂಬಿಸಿಕೊಂಡವರು ಬ್ಯಾರೆ.

ನಮ್ಮ ಕಡೆ ಇದು ಇನ್ನೂ ವಿಚಿತ್ರ, ಯಾಕಂದ್ರ ನಮ್ಮ ಚಳವಳಿ ಅನ್ನೂದ ಬಹಳಷ್ಟು ‘ಬ್ಯಾಡ’ ಅನ್ನೂ ಚಳವಳಿ. ಪರದೇಶಿ ಅರಿವಿ ಬ್ಯಾಡ ಅಂತ ಸುಟ್ರು. ಹಿರೇಕೆರೂರ ಕಡೆ 1930ರ ದಶಕದ ಸುರುವಿಗೆ ಕರ ನಿರಾಕರಣೆ ನಡದಾಗ, ಸರಕಾರಕ್ಕ ದುಡ್ಡು ಕೊಡಂಗಿಲ್ಲ ಅಂತ ರೈತರು ನಿಂತ್ರು. ಸ್ವಾತಂತ್ರ್ಯ ಬಂದ ಮ್ಯಾಲೂ ಅಷ್ಟ, 1980ರ ಜುಲೈ 21ಕ್ಕ ನರಗುಂದ, ನವಲಗುಂದದಾಗ ರೈತರು ಗುಂಡಿಗೆ ಎದಿ ಕೊಟ್ಟಿದ್ದು ಮಲಪ್ರಭಾ ನೀರಿನ ಕರ, ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಹೊಲದ ಬೆಲಿ ಏರತೈತಿ ಅಂತ ಹಾಕೂ ಕರ) ಕೊಡಂಗಿಲ್ಲ ಅಂತ. ಅಂದ್ರ ಆ ಮುಷ್ಟಿಗೆ ಎದುರಿಗೆ ಒಬ್ಬಾವ ಇದ್ದ, ಬೇಡಿಕಿ ಇತ್ತು. ಬ್ಯಾನರ್ ಮಾಡೂ ನಾವು ಆ ಎದುರಿನವನನ್ನ ಅಳಿಸ್ತೀವಿ, ‘ಕೊಡಂಗಿಲ್ಲ’ ಅನ್ನೂದನ್ನ ತಗದು ‘ಇವತ್ತ ಬುಕ್ ಮಾಡ್ರಿ’ ಹಾಕ್ತೀವಿ, ಹೆಗಲ ಮ್ಯಾಲಿನ ಹಸಿರು ಟವೆಲ್ ಮಾತ್ರ ಹಂಗ ಇಟ್ಕೋತೀವಿ, ಅದು ಪಂಪ್‌ಸೆಟ್ ಮಾರಿ ಕೊಡತೈತಿ.

2017ರಾಗ ಪೆಪ್ಸಿಯವರು ಇದ ಕೆಲಸ ಮಾಡಿ ಸಿಕ್ಕಿಬಿದ್ರು. ಮೆರವಣಿಗಿ, ಫಲಕ, ಪೊಲೀಸರ ಸಾಲು ಎಲ್ಲಾ ಇತ್ತು, ಬೇಡಿಕಿ ಏನು ಅನ್ನೂದ ಇರಲಿಲ್ಲ, ಕಡೀಕ ಮಾಡೆಲ್ ಒಬ್ಬಾಕಿ ಪೊಲೀಸನ ಕೈಗೆ ಪೆಪ್ಸಿ ಡಬ್ಬಿ ಕೊಟ್ಲು, ಎಲ್ಲಾ ಬಗೀಹರಿತು! ಮಂದಿ ಉಗುಳಿದ್ರು, ಮರುದಿನನ ಆ ಜಾಹೀರಾತು ವಾಪಸ್ ತಗೊಂಡ್ರು.

ಅದಕಿಂತ ನನಗ ಮರೀಲಾರದ್ದು ಮಾಂಟ್‌ಬ್ಲಾಂಕ್ ಪೆನ್ನು. 2009ರಾಗ ಗಾಂಧಿ ಹೆಸರಿನ ಬಂಗಾರದ ಪೆನ್ನು ತಂದ್ರು, ಬೆಲಿ ಲಕ್ಷಗಟ್ಟಲೆ, ಮಾಡಿದ್ದು 241, ಯಾಕಂದ್ರ ದಂಡಿ ಯಾತ್ರೆ 241 ಮೈಲಿ. ಉಪ್ಪಿನ ಕರದ ವಿರುದ್ಧ ನಡದ ದಾರಿಗೆ, ಮೈಲಿಗೊಂದು ಪೆನ್ನು! ಕೇರಳ ಹೈಕೋರ್ಟಿನಾಗ ಕೇಸ್ ಬಿತ್ತು, ಇಲ್ಲಿ ಮಾರೂದು ನಿಂತು.

ಆ ಕೇಸಿಗೆ ಆಧಾರ ಆಗಿದ್ದು 1950ರ ಲಾಂಛನ ಮತ್ತ ಹೆಸರುಗಳ ಕಾಯ್ದೆ, ಸಣ್ಣ ಅಂಗಡಿಯವರಿಗೂ ಅದ ಅನ್ವಯ ಆಗತೈತಿ. ಪರವಾನಗಿ ತಗೊಳ್ಳದಂಗ ಗಾಂಧಿ, ಶಿವಾಜಿ ಮಹಾರಾಜರ ಹೆಸರು, ಚಿತ್ರ, ರಾಷ್ಟ್ರಧ್ವಜ ಯಾವುದನ್ನೂ ವ್ಯಾಪಾರಕ್ಕ ಬಳಸಂಗಿಲ್ಲ. ಗಾಂಧಿ ಚಿತ್ರದ ಕ್ಯಾಲೆಂಡರ್ ಹಾಕಬಹುದು, ಆದ್ರ ಕ್ಯಾಲೆಂಡರ್ ತಯಾರಿಸಿದವರು ಮತ್ತ ಪ್ರಿಂಟರ್ ಹೆಸರು ಅಷ್ಟ ಇರಬೇಕು, ಮಾಲಿನ ಜಾಹೀರಾತು ಇರಬಾರದು. ಚಕ್ರ ತಗದು ಬರೇ ಮೂರು ಬಣ್ಣ ಹಾಕಿದ್ರ ಪಾರಾದಂಗ ಅಂತ ನಮ್ಮ ಲೈನಿನಾಗ ಭಾಳ ಮಂದಿ ನಂಬ್ಯಾರ, ಕಾಯ್ದೆದಾಗ ಅದನ್ನ ಹೋಲೂ ನಕಲೂ ಬರತೈತಿ. ಇದನ್ನ ಜುಲೈದಾಗ ಹೇಳಿದ್ರ ಒಬ್ಬಿಬ್ರು ಕೇಳ್ತಾರ, ಆಗಸ್ಟ್ 14ರ ರಾತ್ರಿ ಫ್ಲೆಕ್ಸ್ ಮಶೀನ್ ಸುರು ಆದ ಮ್ಯಾಲ ಯಾರೂ ಕೇಳಂಗಿಲ್ಲ.